ಮೊಣಕೈ ಅಳತೆ

ಜನವರಿ 9, ಭಾನುವಾರ

ಅಪ್ಪನ ಗಾಡಿ ಇವತ್ತು ಶೆಡ್ಡಿನಿಂದ ಹೊರಗೆ ಬಂತು. ಸುಮ್ಮನೆ ಬಂತೇ? ನಾನು ಸ್ಟೀರಿಂಗ್ ಹಿಡಿದು ಕೂತೆ, ಅಣ್ಣ ಮತ್ತು ಪಕ್ಕದ ಬೀದಿಯ ವೆಲ್ಡಿಂಗ್‌ನವನು ಹಿಂದಿನಿಂದ ನೂಕಿದರು, ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು "ಗೋಡೆ, ಗೋಡೆ!" ಎಂದು ಕೂಗಿಕೊಂಡರು. ಗಾಳಿಯಿಲ್ಲದ ಚಕ್ರಗಳು ನೆಲಕ್ಕೇ ಅಂಟಿಬಿಟ್ಟಿದ್ದವು. ಏರ್ ಫಿಲ್ಟರಿನೊಳಗೆ ಇಲಿಯೊಂದು ಸಂಸಾರ ಹೂಡಿ, ಮಕ್ಕಳು ಮರಿ ಮಾಡಿ, ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಕಸ ಗುಡಿಸುವ ಸೌಜನ್ಯವೂ ಇರಲಿಲ್ಲ ಅದಕ್ಕೆ.

ಅಪ್ಪ ಟೆಲಿಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದವರು. ತಿಂಗಳುಗಟ್ಟಲೆ ಊರೂರು ಸುತ್ತಬೇಕಾದ್ದರಿಂದ ಈ ಪುಟ್ಟ ಲಾರಿಯ ಬೆನ್ನ ಮೇಲೆ ತಾವೇ ಒಂದು ಮರದ ಕೋಣೆ ಕಟ್ಟಿಕೊಂಡಿದ್ದರು. ಮಲಗಲು ಹಲಗೆ, ಒಂದು ಸ್ಟೌವ್, ಒಂದು ಕಿಟಕಿ. ಅವರು ಮನೆಗೆ ಬಂದಾಗಲೆಲ್ಲ ನಾನೂ ಅಣ್ಣನೂ ನಿಂತ ಗಾಡಿಯಲ್ಲೇ ಕೂತು ದೀಪಸ್ತಂಭಕ್ಕೆ ಹೋಗುವ ಆಟ ಆಡುತ್ತಿದ್ದೆವು. ರಸ್ತೆ ಸಮುದ್ರಕ್ಕೆ ಬಂದು ಮುಗಿಯುವ ಕಡೆ ಒಂದು ದೀಪಸ್ತಂಭ ಇದೆ, ಅಲ್ಲಿಂದಾಚೆ ಕಂಬವೂ ಇಲ್ಲ ತಂತಿಯೂ ಇಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಣ್ಣನಿಗಿಂತ ನಾನು ಚಿಕ್ಕವಳಾದರೂ ಪೆಡಲಿಗೆ ಕಾಲು ಎಟುಕುತ್ತಿದ್ದದ್ದು ನನಗೆ ಮಾತ್ರ. "ಏಣಿ, ನೀನು ಓಡಿಸು, ನಾನು ದಾರಿ ಹೇಳ್ತೀನಿ" ಎನ್ನುತ್ತಿದ್ದ. ಏಣಿ ಅಂದರೆ ನಾನು. ಇವತ್ತಿಗೂ ಅವನ ಬಾಯಲ್ಲಿ ನನಗೆ ಬೇರೆ ಹೆಸರಿಲ್ಲ.

ಕಳೆದ ತಿಂಗಳು ನಾನು ಸಿಟಿ ಬಸ್ಸಿನ ಸ್ಟೀರಿಂಗ್ ಬಿಟ್ಟು ನಿವೃತ್ತಳಾಗಿ ಮನೆಗೆ ಬಂದ ದಿನ ಅಣ್ಣನೇ ಬಾಯಿಬಿಟ್ಟು ಕೇಳಿದ: "ಏಣಿ, ದೀಪಸ್ತಂಭಕ್ಕೆ ಹೋಗಿಬಿಡೋಣ್ವಾ?" ನಾನು ಎರಡನೇ ಸಲ ಕೇಳಿಸಿಕೊಳ್ಳಲಿಲ್ಲ. ಎಂಜಿನ್ ನನ್ನ ಪಾಲು, ಒಳಗಿನ ಮರದ ಕೆಲಸ ಬಡಗಿಯಾದ ಅವನ ಪಾಲು. ಮಾರ್ಚಿನಲ್ಲಿ ಹೊರಡುವುದು. ನಾವು ಬರುವ ತನಕ ಅಮ್ಮನನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ.

ಅಮ್ಮ ಕರೆಯುತ್ತಿದ್ದಾಳೆ. ಸೊಂಟ ಮುರಿದ ಮೇಲೆ ಮಂಚದಿಂದ ಏಳಬೇಕಾದರೆ ಅವಳಿಗೆ ಯಾರದಾದರೂ ಹೆಗಲು ಬೇಕು. ಬಂದೆ ಅಮ್ಮಾ, ನಾನಿದ್ದೀನಲ್ಲ.

ಜನವರಿ 23, ಭಾನುವಾರ

ರೇಡಿಯೇಟರ್ ತೊಳೆದೆ. ಕಾಫಿ ಬಣ್ಣದ ತುಕ್ಕುನೀರು ಬಕೆಟ್ ಬಕೆಟ್ ಬಂತು. ವೈರಿಂಗ್ ಕೇಳಲೇಬೇಡಿ, ಇಲಿ ಅದನ್ನೇ ಹಬ್ಬದೂಟ ಮಾಡಿಕೊಂಡಿದೆ. ಎಲ್ಲವನ್ನೂ ಕಿತ್ತು ಹೊಸದು ಎಳೆಯಬೇಕು. ಅಪ್ಪನ ಮಗಳು ನಾನು, ತಂತಿ ಎಳೆಯಲು ಹೇಳಿಕೊಡಬೇಕೇ?

ಅಣ್ಣ ಒಳಗೆ ಹಳೇ ಹಲಗೆ ಕೀಳುತ್ತಿದ್ದ. ಒಂದು ಹಲಗೆಯ ಹಿಂಬದಿಯಲ್ಲಿ ಅಪ್ಪನ ಪೆನ್ಸಿಲ್ ಗೆರೆಗಳು ಸಿಕ್ಕವು. ಅಪ್ಪ ಟೇಪಿನಿಂದ ಅಳೆದವರಲ್ಲ. ನಿಂತು, ಕೈ ಮಡಚಿ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಗೆರೆ ಎಳೆದು, ಅದೇ ಎತ್ತರಕ್ಕೆ ಕಟ್ಟೆ ಕಟ್ಟುತ್ತಿದ್ದರು. ಅಣ್ಣನದೂ ಅದೇ ಚಾಳಿ. ಅಡುಗೆ ಕಟ್ಟೆ ಮಾಡಿಸಲು ಬಂದ ಹೆಂಗಸರನ್ನು ಗೋಡೆಗೆ ನಿಲ್ಲಿಸಿ "ಕೈ ಮಡಚಿ ಅಮ್ಮಾ" ಎನ್ನುತ್ತಾನೆ. ಅವನು ಮಾಡಿದ ಕಟ್ಟೆಯ ಮುಂದೆ ಇಡೀ ದಿನ ನಿಂತರೂ ಬೆನ್ನು ನೋಯುವುದಿಲ್ಲ ಎಂದು ಊರೆಲ್ಲ ಹೊಗಳುತ್ತದೆ.

ಅಮ್ಮ ಎರಡು ಸಲ ಕರೆದಳು. ಗ್ರೀಸ್ ಕೈಯಲ್ಲೇ ಓಡಿದೆ. ಹೊದಿಕೆಗೆಲ್ಲ ಮೆತ್ತಿಸಿದೆ ಎಂದು ಬೈಗುಳ ತಿಂದೆ.

ಜನವರಿ 30, ಭಾನುವಾರ

ಸ್ಟಾರ್ಟ್ ಆಯಿತು! ಸ್ಟಾರ್ಟ್ ಆಯಿತು! ಮೊದಲು ಕೆಮ್ಮಿತು, ಆಮೇಲೆ ಬೀದಿಗೆಲ್ಲ ಹೊಗೆ ಬಿಟ್ಟಿತು, ಆಮೇಲೆ ಗುಡುಗುಡು ಎಂದು ನಿಂತಲ್ಲೇ ಕುಣಿಯಿತು. ಅಣ್ಣ ನನ್ನನ್ನು ತಬ್ಬಿಕೊಳ್ಳಲು ಬಂದು, ಮುಖ ನನ್ನ ಭುಜಕ್ಕೆ ಬಡಿದು, ಮೂಗು ಹಿಡಿದುಕೊಂಡ. ಒಳಗಿನಿಂದ ಅಮ್ಮ, "ನಿಮ್ಮಪ್ಪ ಬಂದಹಾಗಾಯ್ತು ಕಣ್ರೋ" ಎಂದಳು.

ನನಗೂ ಹಾಗೇ ಅನ್ನಿಸಿತು.

ಫೆಬ್ರವರಿ 6, ಭಾನುವಾರ

ಅಣ್ಣ ಗಾಡಿ ಓಡಿಸಲು ಕಲಿಸು ಎಂದು ದುಂಬಾಲು ಬಿದ್ದ. ಇಷ್ಟು ವಯಸ್ಸಾದ ಮೇಲೆ ಈಗೇಕಪ್ಪಾ ಈ ಆಸೆ ಎಂದು ರೇಗಿಸಿದೆ. "ದೂರದ ದಾರಿ, ನಿನಗೆ ಸುಸ್ತಾದ್ರೆ?" ಎಂದ. ಎಷ್ಟು ಮುದ್ದಾಗಿ ಯೋಚಿಸುತ್ತಾನೆ ನೋಡಿ. ನನ್ನ ಸುಸ್ತಿನ ಬಗ್ಗೆ ಈ ಮನೆಯಲ್ಲಿ ಯಾರಾದರೂ ಕೇಳಿ ಯಾವ ಕಾಲವಾಯಿತೋ.

ಹಳೇ ಸಾಬೂನು ಕಾರ್ಖಾನೆಯ ಮೈದಾನದಲ್ಲಿ ಕಲಿಸಿದೆ. ಈ ಗಾಡಿಯ ಗೇರು ಈಗಿನ ಗಾಡಿಗಳ ಹಾಗಲ್ಲ. ಒಂದು ಸಲ ಕ್ಲಚ್ ತುಳಿದು ಗೇರು ಬಿಡಿಸಬೇಕು, ಕಾಲು ತೆಗೆದು ಮತ್ತೆ ತುಳಿದು ಇನ್ನೊಂದು ಗೇರಿಗೆ ಹಾಕಬೇಕು. ನಡುವೆ ಅವಸರ ಮಾಡಿದರೆ ಹಲ್ಲು ಕಡಿಯುತ್ತದೆ. ಅಣ್ಣ ಪ್ರತಿ ಸಲ ಅವಸರ ಮಾಡಿದ. "ಅದೇನು ಮೊಳೆ ಹೊಡೀತಿದ್ದೀಯಾ? ಉಸಿರು ತಗೋ" ಎಂದು ಗದರಿದೆ. ಸಂಜೆಯ ಹೊತ್ತಿಗೆ ಪರವಾಗಿಲ್ಲ ಎನ್ನುವಷ್ಟು ಓಡಿಸಿದ. ಹಿಂದಕ್ಕೆ ತೆಗೆಯುವುದನ್ನೂ ಕಲಿಸಿದೆ, ಇಳಿಜಾರಿನಲ್ಲಿ ಬ್ರೇಕು ಹೇಗೆ ಕಾಪಾಡಿಕೊಳ್ಳಬೇಕು ಎಂದೂ ಹೇಳಿಕೊಟ್ಟೆ. ನನ್ನ ಕೈಯಲ್ಲಿ ಕಲಿತ ಹುಡುಗಿಯರು ಡಿಪೋದಲ್ಲಿ ಇನ್ನೂ ಬಸ್ಸು ಓಡಿಸುತ್ತಿದ್ದಾರೆ. ಇವನು ಯಾವ ಲೆಕ್ಕ?

ಫೆಬ್ರವರಿ 13, ಭಾನುವಾರ

ಅಡುಗೆ ಕಟ್ಟೆ ಕೂತಿತು. ಅಂಚಿಗೆ ಅಣ್ಣ ಅಂಗೈ ಜಾರುವಷ್ಟು ನುಣುಪು ಕೊಟ್ಟಿದ್ದಾನೆ. ಪಕ್ಕದಲ್ಲೇ ಸಿಂಕು, ಕೆಳಗೆ ನೀರಿನ ಟ್ಯಾಂಕು. ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿ ನಾನು ಲೈಟುಗಳಿಗೆ ತಂತಿ ಕೊಟ್ಟಿದ್ದೇನೆ. ಗುಂಡಿ ಒತ್ತಿದರೆ ಅಪ್ಪನ ಗೂಡು ಮದುವೆಮನೆಯಂತೆ ಬೆಳಗುತ್ತದೆ.

ಕಟ್ಟೆ ಮಾತ್ರ ನನಗೆ ತೀರ ಕೆಳಗಾಯಿತು. ಪಾತ್ರೆಯಲ್ಲಿ ಏನಿದೆ ಎಂದು ನೋಡಲು ನಾನು ಕೊಕ್ಕರೆಯ ಹಾಗೆ ಬಗ್ಗಬೇಕು. ವೆಲ್ಡಿಂಗ್‌ನವನೂ "ಇದು ಗಿಡ್ಡ ಆಯ್ತಲ್ಲ ಅಕ್ಕಾ" ಎಂದು ನಕ್ಕ. "ನನ್ನ ಅಳತೇನೇ ತಗೊಳ್ಳಲಿಲ್ವಲ್ಲೋ ಅಣ್ಣಾ" ಎಂದೆ. ಅಂಚಿಗೆ ಉಪ್ಪುಕಾಗದ ತಿಕ್ಕುತ್ತಲೇ, ತಲೆ ಎತ್ತದೆ, "ಗಾಡಿ ಕುಲುಕುತ್ತೆ ಕಣೇ, ಕಟ್ಟೆ ಕೆಳಗಿದ್ರೆ ಪಾತ್ರೆ ಉರುಳಲ್ಲ" ಎಂದ. ಸರಿ, ಮರದ ವಿಷಯದಲ್ಲಿ ನಾನೇಕೆ ಮೂಗು ತೂರಿಸಲಿ? ನನ್ನ ಮಂಚದ ಉದ್ದವನ್ನೂ ಕೇಳೋಣವೆಂದಿದ್ದೆ. ಅಷ್ಟರಲ್ಲಿ ಅಮ್ಮ ಕರೆದಳು.

ಫೆಬ್ರವರಿ 20, ಭಾನುವಾರ

ಎರಡು ಮಂಚಕ್ಕೂ ಹಾಸಿಗೆ ಗವಸು ಹೊಲಿದೆ. ಮನೆಯವರೆಲ್ಲ ನನ್ನೊಡನೆ ಏಕೋ ಬಹಳ ಚೆನ್ನಾಗಿದ್ದಾರೆ. ಅತ್ತಿಗೆ ಕೇಳದೆಯೇ ಎರಡನೇ ಸಲ ಚಹಾ ತಂದುಕೊಟ್ಟರು. ಅಮ್ಮ ನನ್ನ ಕೈ ಹಿಡಿದುಕೊಂಡು, "ನೀನು ಪಕ್ಕದಲ್ಲಿದ್ರೆ ನನಗೆ ಧೈರ್ಯ" ಎಂದಳು. ಹೊರಡುವ ದಿನ ಹತ್ತಿರ ಬಂತಲ್ಲ, ಬೇಜಾರು ಅವಳಿಗೆ. ಬೇಗ ಬರುತ್ತೇವೆ ಅಮ್ಮಾ ಎಂದೆ. ಅವಳು ಗೋಡೆ ಕಡೆ ತಿರುಗಿದಳು.

ಫೆಬ್ರವರಿ 27, ಭಾನುವಾರ

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ಬ್ರೇಕಿನ ಹೊಸ ಪೈಪು ತರಲು ಹೋದವಳು ಅಂಗಡಿ ಮುಚ್ಚಿದ್ದರಿಂದ ಬೇಗ ಹಿಂದಿರುಗಿದೆ. ಗಾಡಿಯ ಹಿಂಬಾಗಿಲು ತೆರೆದಿತ್ತು. ಒಳಗೆ ಅತ್ತಿಗೆ ಕಟ್ಟೆಯ ಮುಂದೆ ನಿಂತು, ಸುಮ್ಮನೆ ತಮಾಷೆಗೆ ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದರು. ಅತ್ತಿಗೆ ನನ್ನ ಎದೆಯವರೆಗೂ ಬರುವುದಿಲ್ಲ. ಅವರ ಮೊಣಕೈ ಮಡಚಿತ್ತು. ಅಲ್ಲಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಗಲೂ ನನ್ನ ಪೆದ್ದು ತಲೆಗೆ ಪೂರ್ತಿ ಹೊಳೆಯಲಿಲ್ಲ. ಅತ್ತಿಗೆಯೇ ನನ್ನನ್ನು ಕಂಡು, ಮುಖವರಳಿಸಿ, "ನಿಮ್ಮಣ್ಣ ನಿನಗೆ ಹೇಳಿದ್ರಂತಲ್ಲ, ನನ್ನ ಮನಸ್ಸು ಹಗುರಾಯ್ತು ನೋಡು. ನಾವಿಬ್ರೂ ಹೋಗಿ ಬರೋ ತನಕ ಅಮ್ಮನ ಮಾತ್ರೆಗಳನ್ನ ಬೇರೆ ಡಬ್ಬೀಲಿ ಇಟ್ಟಿರ್ತೀನಿ" ಎಂದರು.

"ಯಾವಿಬ್ರು?" ಎಂದೆ.

ಅವರ ಕೈಯ ಸೌಟು ನಿಂತಿತು. "ಅಯ್ಯೋ. ಹೇಳಿಲ್ವಾ?"

ಅಣ್ಣ ಗಾಡಿಯಡಿ ಟ್ಯಾಂಕಿನ ತಿರುಪು ಬಿಗಿಯುತ್ತಿದ್ದ. ಎಲ್ಲವೂ ಕೇಳಿಸಿರಬೇಕು. ಹೊರಗೆ ಬರಲು ಎಷ್ಟು ಹೊತ್ತು ತಗೊಂಡ ಎಂದರೆ, ಅಲ್ಲೇ ಮನೆ ಮಾಡಿಕೊಂಡನೇನೋ ಅನ್ನಿಸಿತು.

"ಮೊದ್ಲು ನಿನ್ನ ಜೊತೆಗೇ ಅಂತಿದ್ದೆ ಕಣೇ, ಸತ್ಯವಾಗ್ಲೂ" ಎಂದ. "ಆಮೇಲೆ ಇವಳು ಒಂದಿನ ಅತ್ಕೊಂಡ್ಳು, ಮದುವೆಯಾಗಿ ಬಂದವಳು ಈ ಬೀದಿ ದಾಟಿಲ್ಲ ಅಂತ. ನೀನಾದ್ರೆ ಇಡೀ ಜೀವನ ರಸ್ತೆ ನೋಡಿದವಳು."

"ಯಾವ ರಸ್ತೆನೋ? ಮಾರ್ಕೆಟ್ಟಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮಾರ್ಕೆಟ್ಟು! ನಾನು ನೋಡಿರೋದು ಅದೊಂದೇ ರಸ್ತೆ!"

"ಕೂಗ್ಬೇಡ, ಅಮ್ಮನಿಗೆ ಕೇಳಿಸುತ್ತೆ."

"ಕೇಳಿಸಲಿ! ಯಾವಾಗ ಹೇಳೋಣ ಅಂತಿದ್ದೆ? ಎಂಜಿನ್ ಕೆಲಸ ಮುಗಿಯೋ ತನಕ ಕಾಯ್ತಿದ್ದೆಯಾ? ಓಡಿಸೋದು ಕಲಿಯೋ ತನಕ?"

ಅಣ್ಣ ನೆಲ ನೋಡಿದ. ಇಲ್ಲ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಕಟ್ಟೆಯನ್ನಾದರೂ ನನ್ನ ಎತ್ತರಕ್ಕೆ ಕಟ್ಟಿದ್ದರೆ ನನಗೆ ಹೊರಡುವ ದಿನದವರೆಗೂ ಗೊತ್ತಾಗುತ್ತಿರಲಿಲ್ಲ. ಅದು ಅವನಿಂದ ಆಗಲಿಲ್ಲ. ಒಬ್ಬರು ನಿಲ್ಲುವ ಜಾಗಕ್ಕೆ ಇನ್ನೊಬ್ಬರ ಅಳತೆಯ ಕಟ್ಟೆ ಮಾಡಲು ಅವನ ಕೈ ಒಪ್ಪುವುದಿಲ್ಲ. ತಂಗಿಗೆ ಮೋಸ ಮಾಡಲು ಮಾತ್ರ ಒಪ್ಪಿತು.

ಫೆಬ್ರವರಿ 28, ಸೋಮವಾರ

ಅಮ್ಮನಿಗೂ ಗೊತ್ತಿತ್ತು.

"ಅವನು ಹೇಳ್ತೀನಿ ಅಂದಿದ್ದ. ನಡುವೆ ನಾನ್ಯಾಕೆ ಬಾಯಿ ಹಾಕಲಿ?" ಎಂದಳು. ಆಮೇಲೆ ನನ್ನ ಸೆರಗು ಹಿಡಿದು, "ನಿನಗೇನು ಗಂಡನೋ ಮಕ್ಕಳೋ, ನಾನೊಬ್ಬಳೇ ಅಲ್ವಾ? ಅವಳು ಎಬ್ಬಿಸಿದ್ರೆ ಸೊಂಟ ನೋಯುತ್ತೆ ಕಣೇ, ನಿನ್ನ ಹೆಗಲೇ ಸರಿ ನನಗೆ" ಎಂದಳು. ಪ್ರೀತಿಯಿಂದಲೇ ಹೇಳಿದಳು. ಅದೇ ಹೊಟ್ಟೆ ಉರಿಸುವುದು.

ಸೆರಗು ಬಿಡಿಸಿಕೊಂಡೆ. ಮಾತ್ರೆ ಕೊಟ್ಟೆ.

ಮಾರ್ಚ್ 2, ಬುಧವಾರ

ಏನೂ ಇಲ್ಲ.

ಮಾರ್ಚ್ 6, ಭಾನುವಾರ

"ಹೋಗಿ ಬನ್ನಿ" ಎಂದುಬಿಟ್ಟೆ. ಅಣ್ಣನ ಮುಖದಲ್ಲಿ ಜೀವ ಬಂತು. "ಮುಂದಿನ ಸಲ ನೀನೇ" ಎಂದ. ಮುಂದಿನ ಸಲವಂತೆ! ನಾವೇನು ಹತ್ತು ಹಲವು ಜನ್ಮ ಬರೆಸಿಕೊಂಡು ಬಂದಿದ್ದೇವೆಯೇ?

ನನ್ನ ಕೋಣೆಯ ಕಿಟಕಿಗೆ ಗಾಡಿ ಎದುರೇ ನಿಂತಿದೆ. ಪರದೆ ಎಳೆದರೂ ಇಂಧನದ ವಾಸನೆ ಒಳಗೆ ಬರುತ್ತದೆ. ಊಟಕ್ಕೆ ಕೂತಾಗ ಅಣ್ಣ ಅತ್ತಿಗೆ ಇಬ್ಬರೂ ನನ್ನ ತಟ್ಟೆಗೆ ಬಡಿಸಲು ಸ್ಪರ್ಧೆಗೆ ಬಿದ್ದರು. ಒಬ್ಬರು ಮೋಸ ಮಾಡಿದರೆ ಇನ್ನೊಬ್ಬರ ಹತ್ತಿರ ಹೋಗಿ ಅಳಬಹುದು. ಮನೆಮಂದಿಯೆಲ್ಲ ಸೇರಿ ಮಾಡಿದರೆ ಯಾರ ಹತ್ತಿರ ಹೋಗುವುದು?

ಅಮ್ಮ ಕರೆಯುತ್ತಿದ್ದಾಳೆ. ಬರೆಯುವುದು ಇಷ್ಟು ಮುಗಿಸಿ ಹೋಗುತ್ತೇನೆ.

ಮಾರ್ಚ್ 9, ಬುಧವಾರ

ಅಣ್ಣ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿ ಸುತ್ತಲು ಹೊರಟ. ಎರಡನೇ ಗೇರಿಗೆ ಹಾಕುವಾಗ ಕರ್ ಎಂದು ಹಲ್ಲು ಕಡಿಸಿದ. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ಎಡಗಾಲು ತಾನಾಗಿ ನೆಲ ತುಳಿಯಿತು. ತುಳಿ, ಬಿಡು, ತುಳಿ. ಮೂರ್ಖ, ಉಸಿರು ತಗೋ ಎಂದು ಅಂದೇ ಹೇಳಿರಲಿಲ್ಲವೇ?

ಅವರು ಹಿಂದಿರುಗಿದಾಗ ಬಾನೆಟ್ ಎತ್ತಿ ಎಂಜಿನ್ ಮುಟ್ಟಿ ನೋಡಿದೆ. ಜ್ವರ ಬಂದ ಮಗುವಿನ ಹಾಗೆ ಬಿಸಿ. "ಇನ್ನು ಇದನ್ನ ಹೀಗೆ ಹಿಂಸೆ ಮಾಡಿದ್ರೆ ನೋಡು" ಎಂದೆ. ಅಣ್ಣ, "ನೀನೇ ತಾನೇ ಹೋಗಿ ಬನ್ನಿ ಅಂದೋಳು" ಎಂದ.

ಹೌದು, ಅಂದೆ.

ಮಾರ್ಚ್ 13, ಭಾನುವಾರ

ಇವತ್ತು ಸುಮ್ಮನೆ ಒಂದು ಕೆಲಸ ಮಾಡಿದೆ.

ಅಣ್ಣ ಅತ್ತಿಗೆ ಬೆಳಿಗ್ಗೆಯೇ ಪ್ರಯಾಣದ ಸಾಮಾನು ಕೊಳ್ಳಲು ಹೋಗಿದ್ದರು. ಸ್ಟೌವಿನ ಪೈಪು ಸೋರುತ್ತದೆಯೋ ಎಂದು ನೋಡಲು ಗಾಡಿ ಹತ್ತಿ ಚಹಾಕ್ಕಿಟ್ಟೆ. ಹಾಲು ಉಕ್ಕುವ ತನಕ ಬಗ್ಗಿ ನಿಂತು ಸೊಂಟ ಹಿಡಿದುಕೊಂಡಿತು. ಆ ಕ್ಷಣ ಎಂಥ ಸಿಟ್ಟು ಬಂತೆಂದರೆ, ಹೋಗಿ ಅಣ್ಣನ ಗರಗಸ ತಂದೆ. ಶೆಡ್ಡಿನಲ್ಲಿ ಬಿದ್ದಿದ್ದ ಅಪ್ಪನ ಕಾಲದ ತೊಲೆಯಿಂದ ನಾಲ್ಕು ತುಂಡು ಕೊಯ್ದೆ. ನಡುವೆ ಅಮ್ಮ ಕರೆದಳು. "ಅವರು ಬರ್ತಾರೆ, ಸ್ವಲ್ಪ ತಡಿ" ಎಂದು ಅಲ್ಲಿಂದಲೇ ಕೂಗಿದೆ. ಕಟ್ಟೆಯ ತಿರುಪು ಬಿಚ್ಚಿ, ಜಾಕ್ ಕೊಟ್ಟು ಎತ್ತಿ, ನಾಲ್ಕು ಕಾಲಿಗೂ ತುಂಡು ಕೊಟ್ಟು ಮತ್ತೆ ಬಿಗಿದೆ. ನೆಟ್ಟಗೆ ನಿಂತು ಕೈ ಮಡಚಿದೆ. ಮೊಣಕೈ, ನಾಲ್ಕು ಬೆರಳು, ಕಟ್ಟೆ.

ಯಾಕೆ ಮಾಡಿದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಸುಮ್ಮನೆ.

ಮಾರ್ಚ್ 14, ಸೋಮವಾರ

ಅಣ್ಣ ಬೆಳಿಗ್ಗೆ ಗಾಡಿಯೊಳಗೆ ಹೋದವನು ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ಕಟ್ಟೆಯ ಮುಂದೆ ನಿಂತಿದ್ದ. ಯಾರ ಅಳತೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏಣಿ, ಇದೇನು ಮಾಡಿದ್ದೀಯಾ?"

"ನಾನು ಹೋಗ್ತೀನಿ" ಎಂದೆ. ಹಾಗೆ ಹೇಳುತ್ತೇನೆಂದು ಅಲ್ಲಿಗೆ ಹೋಗಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

"ಮತ್ತೆ ಅಮ್ಮ?"

"ನೀವಿದ್ದೀರಲ್ಲ."

"ಇವಳು ಆಗ್ಲೇ ಬಟ್ಟೆ ಜೋಡಿಸ್ಕೊಂಡಿದ್ದಾಳೆ ಕಣೇ. ನೀನೇ ಹೋಗಿ ಬನ್ನಿ ಅಂದ್ಯಲ್ಲ?"

"ಅಂದೆ. ನೀನೂ ಡಿಸೆಂಬರಲ್ಲಿ ಹೋಗೋಣ್ವಾ ಅಂದಿದ್ದೆ. ಈ ಗಾಡಿ ಅಪ್ಪ ಇಬ್ಬರಿಗೂ ಬಿಟ್ಟುಹೋಗಿದ್ದು. ಮೊದ್ಲು ನಾನು. ನಾನು ಬಂದ್ಮೇಲೆ ನೀವು ಹೋಗಿ. ತುಂಡು ತೆಗೆದ್ರೆ ಕಟ್ಟೆ ಕೆಳಗಿಳಿಯುತ್ತೆ, ನಿನ್ನ ಕೆಲಸವೇನೂ ಹಾಳು ಮಾಡಿಲ್ಲ."

"ಹಾಗಾದ್ರೆ ನಾನೂ ಬರ್ತೀನಿ. ಮೊದಲಿನ ಹಾಗೇ, ನಾವಿಬ್ರೂ."

ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವರ ಮುಖ ನೋಡಿದೆ. ಹದಿನೈದು ದಿನದ ಹಿಂದೆ ನನ್ನ ಮುಖ ಹೇಗಿದ್ದಿರಬೇಕೆಂದು ಗೊತ್ತಾಯಿತು. "ನೋಡು, ಈಗ ಅವರಿಗೂ ಅದನ್ನೇ ಮಾಡ್ತಿದ್ದೀಯಾ. ಬೇಡಪ್ಪಾ, ನೀನು ಬರಬೇಡ" ಎಂದೆ. ಇಡೀ ಬಾಲ್ಯ ಯಾವ ಮಾತಿಗಾಗಿ ಕಾದಿದ್ದೆನೋ ಅದಕ್ಕೇ ಬೇಡ ಎಂದೆ.

"ಮೊದ್ಲೇ ಹೇಳ್ಬಿಡಿ ಅಂತ ನಾನು ಎಷ್ಟು ಬಡ್ಕೊಂಡೆ" ಎಂದು ಅತ್ತಿಗೆ ಅತ್ತರು. ಕನಿಕರ ಬಂತು. ಆದರೂ ಮನಸ್ಸು ಬದಲಾಯಿಸಲಿಲ್ಲ.

ಮಾರ್ಚ್ 16, ಬುಧವಾರ

ದಾರಿಯಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಮ್ಮನ ಹತ್ತಿರ ಹೋದಾಗ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. ಹೋಗಿ ಬರ್ತೀನಿ ಎಂದೆ. ಬಾಗಿಲು ದಾಟುವಾಗ, "ಸ್ವೆಟರ್ ತಗೊಂಡ್ಯಾ?" ಎಂದಳು. ತಗೊಂಡಿರಲಿಲ್ಲ. ತಗೊಂಡೆ.

ಗಾಡಿ ಹತ್ತಲು ಬಂದರೆ ಹಿಂಬಾಗಿಲು ತೆರೆದಿತ್ತು. ಅಣ್ಣ ಮಂಡಿಯೂರಿ ಕೂತು ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡುತ್ತಿದ್ದ. ಗಾಜಿನೊಳಗಿನ ಗುಳ್ಳೆ ಎಡಕ್ಕೆ ಸರಿದಿತ್ತು. "ಒಂದು ತುಂಡು ಗಿಡ್ಡ ಕೊಯ್ದಿದ್ದೀಯಾ" ಎಂದ, ನನ್ನ ಕಡೆ ನೋಡದೆ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೆರೆ ಎಳೆದ. ತೆಳ್ಳನೆಯ ಬೆಣೆ ಕೆತ್ತಿ, ಕಾಲಿನಡಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ರಸಮಟ್ಟ ನೋಡಿದ. ಗುಳ್ಳೆ ನಡುವೆ ಬಂದು ನಿಂತಿತು. ಉಪಕರಣ ಎತ್ತಿಕೊಂಡು ಇಳಿದು ಹೋದ. ಅದು ತಪ್ಪಾಯಿತು ಅಂದದ್ದೋ, ಕೆಟ್ಟ ಕೆಲಸ ನೋಡಲಾರದೆ ಮಾಡಿದ್ದೋ ನನಗೆ ತಿಳಿಯದು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಇನ್ನೂ ಸಿಟ್ಟಿದೆ. ಇದು ಅಷ್ಟು ಸುಲಭಕ್ಕೆ ಹೋಗುವ ಸಿಟ್ಟಲ್ಲ.

ಸಂಜೆ ರಸ್ತೆ ಬದಿಯಲ್ಲಿ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿದೆ. ಸ್ಟೌವ್ ಹಚ್ಚಿ ಚಹಾ ಮಾಡಿದೆ. ನೆಟ್ಟಗೆ ನಿಂತೇ ಮಾಡಿದೆ. ಗೊತ್ತಿಲ್ಲದೆ ಎರಡು ಲೋಟ ತೆಗೆದಿದ್ದೆ, ಒಂದನ್ನು ಒಳಗಿಟ್ಟೆ. ಇನ್ನೊಂದನ್ನು ಅಂಚಿನವರೆಗೆ ತುಂಬಿ ಕಟ್ಟೆಯ ಮೇಲಿಟ್ಟು ಸುತ್ತಲೂ ನೋಡಿದೆ. ಯಾವ ಕಡೆಗೂ ಒಂದು ಹನಿ ಚೆಲ್ಲಲಿಲ್ಲ. ಹಾಳಾದವನು, ಮಟ್ಟ ಸರಿಯಾಗಿಯೇ ಕೂರಿಸಿದ್ದಾನೆ. ಅಲ್ಲೇ ಮಂಚದ ಮೇಲೆ ಕೂತು ಜೋರಾಗಿ ಅತ್ತೆ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಅಳುವಷ್ಟೂ ಅತ್ತೆ.

ಮುಂದೆ ರಸ್ತೆ ಎರಡಾಗಿ ಒಡೆಯುತ್ತದೆ. ಎಡಕ್ಕೋ ಬಲಕ್ಕೋ, ನಾಳೆ ಬೆಳಿಗ್ಗೆ ಯಾರನ್ನಾದರೂ ದಾರಿ ಕೇಳಬೇಕು.